ಬಾಯಿಲ್ಲದ ಮೆಷಿನ್

ಕೆಳಗಿನ ಅಂಗಡಿಯಿಂದ ಟುಂಕ್ ಎಂಬ ಸಣ್ಣ ಸದ್ದು ಬಂದಾಗ ಬೀದಿಯೆಲ್ಲ ಮಲಗಿತ್ತು. ಸೊಸೆ ಕಣ್ಣು ತೆರೆದು ಹಾಗೇ ಬಿದ್ದುಕೊಂಡಳು. ಅದು ಬೆಕ್ಕಿನ ಸದ್ದಲ್ಲ, ನಲ್ಲಿಯದ್ದೂ ಅಲ್ಲ. ಈ ಮನೆಯ ಸದ್ದುಗಳೆಲ್ಲ ಅವಳಿಗೆ ಬಾಯಿಪಾಠ. ಗಂಡನ ಚಪ್ಪಲಿ ಮೆಟ್ಟಿಲ ಮೇಲೆ ಹೇಗೆ ಬಿದ್ದರೆ ಊಟ ಸದ್ದಿಲ್ಲದೆ ಮುಗಿಯುತ್ತದೆ, ಹೇಗೆ ಬಿದ್ದರೆ ತಟ್ಟೆ ಹಾರುತ್ತದೆ ಎಂದು ಬಾಗಿಲು ತೆರೆಯುವ ಮೊದಲೇ ಹೇಳಬಲ್ಲಳು. ಇದು ಹೊಸ ಗೇಮ್ ಮೆಷಿನ್ ಚಾಲೂ ಆಗುವ ಸದ್ದು. ಅದನ್ನು ಮುಟ್ಟಿದವರ ಕೈ ಮುರಿಯುತ್ತೇನೆಂದು ಗಂಡ ಮನೆಯವರಿಗೆಲ್ಲ ಕೇಳುವಂತೆ ಹೇಳಿದ್ದ. ಆ ಗಂಡ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದ. ಮಗಳು ಪುಟ್ಟಿ ಪಟ್ಟಿ ಸುತ್ತಿದ ಕಾಲನ್ನು ದಿಂಬಿನ ಮೇಲಿಟ್ಟು ನಿದ್ದೆ ಹೋಗಿದ್ದಳು. ಹಾಗಾದರೆ ಕೆಳಗೆ ಉಳಿದವರು ಅತ್ತೆ ಒಬ್ಬರೇ.

ಅವಳು ಗಂಡನ ಗೊರಕೆಯನ್ನೇ ಆಲಿಸುತ್ತ ನಿಧಾನಕ್ಕೆ ಎದ್ದಳು.

ಆ ಮೆಷಿನ್ ಮನೆಗೆ ಬಂದದ್ದೇ ಜಗಳ ನಿಲ್ಲಿಸಲು.

ಮನೆಯ ಕೆಳಭಾಗದಲ್ಲಿ ಬೀದಿಗೆ ಮುಖಮಾಡಿ ಅಂಗಡಿ, ಹಿಂದೆ ಅಡುಗೆಮನೆ, ಅದಕ್ಕಂಟಿದ ಕೋಣೆಯಲ್ಲಿ ಅತ್ತೆ. ಅಂಗಡಿಯಲ್ಲಿ ಮೂರು ಟೀವಿ, ಮೂರು ಹಳೆಯ ಗೇಮ್ ಮೆಷಿನ್ನು, ಹುಡುಗರು ಗಂಟೆಗಿಷ್ಟೆಂದು ಕೊಟ್ಟು ಕೂತು ಆಡುವ ಪ್ಲಾಸ್ಟಿಕ್ ಸ್ಟೂಲುಗಳು. ಗೋಡೆ ಪೂರ್ತಿ ಆಟದ ಡಿಸ್ಕುಗಳು. ಅವನ್ನು ಎರಡೆರಡು ದಿನಕ್ಕೆ ಬಾಡಿಗೆಗೆ ಕೊಡುವುದೇ ದೊಡ್ಡವನ, ಅಂದರೆ ಅವಳ ಗಂಡನ, ನಿಜವಾದ ಕಸುಬು. ಬೀದಿಯಲ್ಲಿ ಅವನಿಗೆ ಡಿಸ್ಕಣ್ಣನೆಂದೇ ಹೆಸರು. ಗೀರುಬಿದ್ದ ಡಿಸ್ಕು ವಾಪಸು ಬಂದರೆ ಹಳೆಯ ಮಿಕ್ಸಿಯ ಮೋಟಾರಿಗೆ ಸ್ಪಂಜು ಕಟ್ಟಿ, ಟೂತ್‌ಪೇಸ್ಟ್ ಹಚ್ಚಿ, ಉಸಿರು ಬಿಗಿಹಿಡಿದು ಉಜ್ಜುತ್ತಿದ್ದ. ಆಗ ಮಾತ್ರ ಅವನ ಕೈ ಮೃದುವಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳು ಆ ಕೈಯನ್ನು ನೋಡಿಯೇ ಮೋಸಹೋಗಿದ್ದಳು.

ಒಂದು ಡಿಸ್ಕು ನಲವತ್ತು ಸಲ ಹೊರಗೆ ಹೋಗಿಬಂದರೆ ಅಸಲು, ಆಮೇಲಿನದೆಲ್ಲ ಲಾಭ. ಈ ಲೆಕ್ಕದ ಮೇಲೆ ಮನೆ ನಿಂತಿತ್ತು. ಈಗ ಆ ಹುಡುಗರ ಮನೆಗಳಲ್ಲಿ ಸಬ್‌ಸ್ಕ್ರಿಪ್ಷನ್ ಬಂದಿತ್ತು. ತಿಂಗಳಿಗೊಮ್ಮೆ ಅಪ್ಪಂದಿರ ಫೋನಿನಿಂದ ಹಣ ತಾನಾಗಿಯೇ ಹೋಗುತ್ತದೆ, ಮುನ್ನೂರು ಆಟ ಟೀವಿಯಲ್ಲೇ ಸಾಲಾಗಿ ನಿಲ್ಲುತ್ತವೆ. ಒಂದು ಹೊಸ ಡಿಸ್ಕಿನ ಬೆಲೆಗೆ ಅರ್ಧ ವರ್ಷದ ಆಟ. ಸಂಜೆ ಹೊತ್ತು ಅಂಗಡಿಯಲ್ಲಿ ಎರಡು ಟೀವಿ ಸುಮ್ಮನೆ ಮುಖ ನೋಡಿಕೊಳ್ಳತೊಡಗಿದವು.

ಗಂಡನ ತಮ್ಮ, ಚಿಕ್ಕವನು, ದೊಡ್ಡ ಎಲೆಕ್ಟ್ರಾನಿಕ್ ಮಳಿಗೆಯೊಂದರಲ್ಲಿ ಕೌಂಟರಿನಲ್ಲಿ ನಿಂತು ಇದೇ ಮೆಷಿನ್ನುಗಳನ್ನು ಮಾರುತ್ತಿದ್ದ. ನಗುನಗುತ್ತ ಮಾತಾಡುವವನು, ಆ ನಗುವಿಗೇ ಸಂಬಳ. ರಾತ್ರಿ ಊಟಕ್ಕೆ ಕೂತಾಗ ಸುಮ್ಮನಿರಲಾರದೆ ಬಾಯಿ ಹಾಕುತ್ತಿದ್ದ.

"ಅಣ್ಣ, ಈಗ ಯಾರೂ ಆಟ ಕೊಂಡ್ಕೊಳ್ಳಲ್ಲ. ತಿಂಗಳಿಗಿಷ್ಟು ಅಂತ ಕಟ್ಕೊಂಡು ಬಾಡಿಗೆಗೆ ಇರ್ತಾರೆ, ಅಷ್ಟೆ."

"ಬಾಡಿಗೆ ಕೊಡೋನು ನಾನು ಕಣೋ. ನನಗೇ ಬಾಡಿಗೆ ಕಟ್ಟು ಅಂತೀಯಾ?"

"ಕಂಪನಿಯವ್ರು ಮೆಷಿನ್ನನ್ನ ಅಗ್ಗಕ್ಕೆ ಕೊಡೋದೇ ಅದಕ್ಕೆ. ಮೊದಲು ಮನೆ ಒಳಗೆ ಬರಬೇಕು. ಆಮೇಲೆ ತಿಂಗಳು ತಿಂಗಳು ಹೀರಬಹುದು."

"ನಿನ್ನ ಹಾಗೆ," ಎಂದ ದೊಡ್ಡವನು. ಚಿಕ್ಕವನು ಮನೆಗೆ ಕೊಡುವುದು ಸಾಲದೆಂಬುದು ಅವನ ಹಳೆಯ ರಾಗ.

ಚಿಕ್ಕವನು ನಕ್ಕ. ಆ ನಗುವಿಗೆ ಸಾರಿನ ಬಟ್ಟಲು ಗೋಡೆಗೆ ಹೋಯಿತು. ಅತ್ತೆ ಎದ್ದು, ಗೋಡೆಯಿಂದ ಇಳಿಯುತ್ತಿದ್ದ ಬೇಳೆಯನ್ನು ಬಟ್ಟೆಯಲ್ಲಿ ಒರೆಸಿ, ಬಟ್ಟಲಿನ ಚೂರುಗಳನ್ನು ಮೊರಕ್ಕೆ ಎತ್ತಿಕೊಂಡರು. ಈ ಕೆಲಸದಲ್ಲಿ ಅವರದು ನುರಿತ ಕೈ. ಮಾವ ಲಾರಿ ಓಡಿಸುತ್ತಿದ್ದವರು; ಬದುಕಿದ್ದಾಗ ಒಮ್ಮೆ ಸ್ಪ್ಯಾನರಿನಲ್ಲಿ ಹೊಡೆದದ್ದಕ್ಕೆ ಅತ್ತೆಯ ಬಲಗೈ ತೋರುಬೆರಳು ಕೊಕ್ಕೆಯಂತೆ ಬಾಗಿ ಹಾಗೇ ಉಳಿದಿತ್ತು. ಆ ಬೆರಳಿಂದಲೇ ಅವರು ಇಬ್ಬರು ಮಕ್ಕಳಿಗೆ ತುತ್ತು ಕೊಟ್ಟು ಬೆಳೆಸಿದ್ದರು. ಹೊಡೆತದ ವಿಷಯ ಬಂದರೆ, ಅವರಿಗೆ ಸಿಟ್ಟು ಜಾಸ್ತಿ, ಮನಸ್ಸು ಒಳ್ಳೇದು, ಎನ್ನುತ್ತಿದ್ದರು. ಮಗನ ಬಗ್ಗೆಯೂ ಅದೇ ಮಾತು.

ಕೊನೆಗೆ ಒಂದು ಒಪ್ಪಂದವಾಯಿತು. ಹೊಸ ಮೆಷಿನ್ ಒಂದು ತರುವುದು. ಅದರಲ್ಲಿ ಹಳೆಯ ಡಿಸ್ಕುಗಳೂ ಓಡುತ್ತವೆ, ಹೊಸವೂ ಓಡುತ್ತವೆ, ಹುಡುಗರು ಮತ್ತೆ ಬರುತ್ತಾರೆ. ಚಿಕ್ಕವನಿಗೆ ಮಳಿಗೆಯಲ್ಲಿ ನೌಕರರ ರಿಯಾಯಿತಿ ಇತ್ತು. ಹಣ ಮಾತ್ರ ಸೊಸೆಯದು. ಅವಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ದುಡಿಯುತ್ತಿದ್ದಳು. ಡಾಕ್ಟರುಗಳು ಕಳಿಸುವ ಅಚ್ಚುಗಳಿಗೆ ಪ್ಲಾಸ್ಟರ್ ಹೊಯ್ದು, ಒಣಗಿದ ದವಡೆಗಳನ್ನು ಚಕ್ರಕ್ಕೆ ಹಿಡಿದು ಉಜ್ಜುವುದು ಅವಳ ಕೆಲಸ. ಹಾಗೆ ದುಡಿದು ಪುಟ್ಟಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟದ್ದನ್ನು ಗಂಡ ಕೇಳಲಿಲ್ಲ. ನಾಳೆ ಬಿಡಿಸಿಕೊಂಡು ಬಾ, ಎಂದ.

ಮರುದಿನ ಚಕ್ರ ಗಿರ್ರೆನ್ನುತ್ತಿರುವಾಗ ಚಿಕ್ಕವನ ಫೋನು ಬಂತು. ಅಣ್ಣ ಎತ್ತುತ್ತಿಲ್ಲವಂತೆ.

"ಅತ್ತಿಗೆ, ಎರಡು ಥರ ಇದೆ. ಡಿಸ್ಕ್ ಹಾಕೋದು ಒಂದು. ಇನ್ನೊಂದಕ್ಕೆ ಡಿಸ್ಕೇ ಹೋಗಲ್ಲ, ಬರೀ ಸಬ್‌ಸ್ಕ್ರಿಪ್ಷನ್ನು. ಅದು ತುಂಬ ಕಡಿಮೆಗೆ ಬರುತ್ತೆ. ಡಿಸ್ಕಿಂದೇ ತರ್ತೀನಿ, ಅಲ್ವಾ?"

ಅವಳು ಚಕ್ರ ನಿಲ್ಲಿಸಿದಳು. ಮಾತು ಅರ್ಥವಾಗಿತ್ತು. ಉಳಿಯುವ ಹಣದಲ್ಲಿ ಪುಟ್ಟಿಯ ಈ ವರ್ಷದ ಶಾಲೆ ಕಳೆಯುತ್ತದೆ. ಅದಕ್ಕಿಂತ ಒಳಗೆ ಇನ್ನೊಂದು ಯೋಚನೆ ಇತ್ತು: ಡಿಸ್ಕು ಹಾಕಲು ಜಾಗವೇ ಇಲ್ಲದಿದ್ದರೆ ಡಿಸ್ಕಿನ ಅಂಗಡಿ ಮುಗಿಯುತ್ತದೆ. ಮುಗಿದರೆ ಗಂಡ ಎಲ್ಲಾದರೂ ನಾಲ್ಕು ಜನರ ನಡುವೆ ಕೆಲಸಕ್ಕೆ ಹೋಗುತ್ತಾನೆ, ದಿನವಿಡೀ ಖಾಲಿ ಸ್ಟೂಲುಗಳನ್ನು ದಿಟ್ಟಿಸುತ್ತ ಸಿಟ್ಟು ಕಾಯಿಸುವುದು ತಪ್ಪುತ್ತದೆ.

"ಕಡಿಮೆದೇ ತಗೊಂಬಾ," ಎಂದಳು.

"ಅಣ್ಣನಿಗೆ?"

"ನಾನು ಹೇಳ್ತೀನಿ."

ಹೇಳಲಿಲ್ಲ. ಸಂಜೆ ಗಂಡನ ಚಪ್ಪಲಿಯ ಸದ್ದು ಚೆನ್ನಾಗಿರಲಿಲ್ಲ. ಮಲಗುವ ಮುಂಚೆ ಹೇಳೋಣವೆಂದುಕೊಂಡಳು, ಬೆಳಿಗ್ಗೆ ಚಹಾ ಕೊಡುವಾಗ ಎಂದುಕೊಂಡಳು. ಅಷ್ಟರಲ್ಲಿ ಚಿಕ್ಕವನು ಪೆಟ್ಟಿಗೆ ತಂದುಬಿಟ್ಟ.

ದೊಡ್ಡವನು ಅದನ್ನು ಕೌಂಟರಿನ ಮೇಲಿಟ್ಟು ಟೇಪು ಕೊಯ್ದ. ಬೀದಿಯ ನಾಲ್ಕು ಹುಡುಗರನ್ನು ಕರೆದು ನಿಲ್ಲಿಸಿಕೊಂಡಿದ್ದ. ಬಿಳಿಯ ಮೆಷಿನ್ನನ್ನು ಮಗುವನ್ನೆತ್ತಿದಂತೆ ಎತ್ತಿ, ತಾನೇ ಆರಿಸಿಟ್ಟಿದ್ದ ಡಿಸ್ಕನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮುಂಭಾಗ ಸವರಿದ. ತಿರುಗಿಸಿ ಪಕ್ಕ ಸವರಿದ. ಹಿಂದೆ, ಮೇಲೆ, ಮತ್ತೆ ಮುಂದೆ. ಕರುವಿನ ಬಾಯಿ ಹುಡುಕುವವನ ಹಾಗೆ ಆ ಹೆಬ್ಬೆರಳು ಸುತ್ತಿ ಸುತ್ತಿ ಬಂತು.

ಹುಡುಗರಲ್ಲೊಬ್ಬ, "ಡಿಸ್ಕಣ್ಣ, ಇದಕ್ಕೆ ಬಾಯೇ ಇಲ್ಲ," ಎಂದ. ಉಳಿದವರು ನಕ್ಕರು.

ದೊಡ್ಡವನು ಹುಡುಗರನ್ನು ಹೊರಗೆ ಕಳಿಸಿ, ತಮ್ಮನನ್ನು ಒಳಗೇ ನಿಲ್ಲಿಸಿಕೊಂಡು ಷಟರ್ ಎಳೆದ. ಆ ಸದ್ದು ಕೇಳಿಯೇ ಸೊಸೆ ಅಡುಗೆಮನೆಯಿಂದ ಓಡಿಬಂದಳು.

"ಬೇಕಂತ ತಂದೆ ಅಲ್ವೇನೋ? ನನ್ನ ಅಂಗಡಿ ಬಾಗಿಲು ಹಾಕಿಸೋಕೆ?"

ಚಿಕ್ಕವನು ಅತ್ತಿಗೆಯನ್ನು ನೋಡಿದ. ಅವಳು ಬಾಯಿ ತೆರೆದಳು. ತೆರೆದ ಬಾಯಿಂದ ಏನೂ ಬರಲಿಲ್ಲ. ಅವನು ಅದನ್ನು ನೋಡಿ, ಅಣ್ಣನ ಕಡೆ ತಿರುಗಿ, "ನೋಡದೆ ತಂದೆ ಅಣ್ಣ, ತಪ್ಪಾಯ್ತು," ಎಂದ.

ಮೊದಲ ಏಟು ಕಿವಿಗೆ ಬಿತ್ತು. ಎರಡನೆಯದಕ್ಕೆ ಅವನು ಕೈ ಅಡ್ಡ ಹಿಡಿದ, ಅದೇ ತಪ್ಪಾಯಿತು. ದೊಡ್ಡವನು ಕೂದಲು ಹಿಡಿದು ಅವನ ಮುಖವನ್ನು ಗಾಜಿನ ಕೌಂಟರಿನ ಅಂಚಿಗೆ ಕುಟ್ಟಿದ. ಒಣಗಿದ ಪ್ಲಾಸ್ಟರ್ ಕೆಳಗೆ ಬಿದ್ದಾಗ ಆಗುವಂಥ ಸದ್ದು. ಸೊಸೆಗೆ ಅದು ಏನೆಂದು ಆಗಲೇ ತಿಳಿಯಿತು. ಮೇಲಿನ ಎಡಗಡೆಯ ಮುಂದಿನ ಹಲ್ಲು ಬೇರುಸಮೇತ ಸ್ಟೂಲಿನ ಕೆಳಗೆ ಉರುಳಿತು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಗಲಾಟೆ ಮುಗಿದ ಮೇಲೆ ಬಟ್ಟೆ ತಂದು ನೆಲ ಒರೆಸಿದರು.

ಚಿಕ್ಕವನು ಅಂದೇ ಚೀಲ ತೆಗೆದುಕೊಂಡು ಗೆಳೆಯನ ಕೋಣೆಗೆ ಹೋದ. ಸೀಲು ಒಡೆದ ಪೆಟ್ಟಿಗೆಯನ್ನು ಮಳಿಗೆಯವರು ವಾಪಸು ತೆಗೆದುಕೊಳ್ಳಲಿಲ್ಲ. ಮುಂದಿನ ಹಲ್ಲಿಲ್ಲದವನನ್ನು ಗಿರಾಕಿಗಳ ಎದುರು ನಿಲ್ಲಿಸಲೂ ಇಲ್ಲ. ಗೋಡೌನಿನಲ್ಲಿ ಪೆಟ್ಟಿಗೆ ಹೊರುವುದಕ್ಕೆ ಹಾಕಿದರು, ಸಂಬಳ ಇಳಿಸಿದರು. ಮೆಷಿನ್ ಅಂಗಡಿಯ ಮೂಲೆಯಲ್ಲಿ ಟವಲು ಹೊದ್ದು ಕೂತಿತು.

ದೊಡ್ಡವನು ಮಧ್ಯಾಹ್ನಗಳಲ್ಲಿ ಬಾಕಿ ಉಳಿದ ಡಿಸ್ಕುಗಳನ್ನು ವಸೂಲು ಮಾಡಲು ಮನೆಮನೆಗೆ ಹೋಗತೊಡಗಿದ. ಒಂದು ಮನೆಯಲ್ಲಿ ಕಾಲೇಜು ಹುಡುಗನೊಬ್ಬ, ಇಟ್ಕೊಳ್ಳಿ ನಿಮ್ಮ ತಟ್ಟೆ, ನಾವು ಇದನ್ನ ಲೋಟ ಇಡೋಕೆ ಉಪಯೋಗಿಸ್ತಿದ್ವಿ, ಎಂದನಂತೆ. ಅಂದು ದೊಡ್ಡವನು ಹರಿದ ಅಂಗಿ, ಊದಿದ ಮುಷ್ಟಿಯೊಂದಿಗೆ ಮನೆಗೆ ಬಂದ. ಬರುವಾಗ ಗುಜರಿಯವನನ್ನೂ ಕರೆತಂದಿದ್ದ. ಗುಜರಿಯವನು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಡಬ್ಬಿಗಳಾದರೆ ಪ್ಲಾಸ್ಟಿಕ್ ತೂಕಕ್ಕೆ ತಗೊಳ್ತೀನಿ, ಒಳಗಿನ ಚಕ್ರ ಬೇಡ, ಅದನ್ನ ಯಾರೂ ಕೇಳಲ್ಲ, ಎಂದ.

ಡಬ್ಬಿಗಳು ಹೋದವು. ಬರಿಯ ಡಿಸ್ಕುಗಳ ರಾಶಿಯ ಎದುರು ದೊಡ್ಡವನು ನೆಲದ ಮೇಲೆ ಕೂತು ಒಂದೊಂದನ್ನೇ ಮುರಿಯತೊಡಗಿದ. ತಾನೇ ಪೇಸ್ಟು ಹಚ್ಚಿ ಬದುಕಿಸಿದವು. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ಗೀರಿದೆಯೇ ನೋಡಿ, ಬಗ್ಗಿಸಿ ಬಗ್ಗಿಸಿ ಚಟ್ಟನೆ ಮುರಿಯುತ್ತಿದ್ದ. ಅವನ ಅಂಗೈಯಿಂದ ರಕ್ತ ಇಳಿಯುತ್ತಿತ್ತು. ಬೇಡ ರೀ, ಎಂದು ಸೊಸೆ ಹೇಳಿದ್ದಕ್ಕೆ ಒಂದು ಚೂರು ಅವಳ ಕಡೆ ಹಾರಿಬಂತು. ಆ ಹೊತ್ತಿಗೆ ಶಾಲೆಯಿಂದ ಬಂದ ಪುಟ್ಟಿ ಬರಿಗಾಲಲ್ಲಿ ಒಳಗೆ ಓಡಿ, ಚೂರಿನ ಮೇಲೆ ಹೆಜ್ಜೆಯಿಟ್ಟು ಚೀರಿದಳು. ಕಾಲು ನೋಡಿಕೊಂಡು ನಡೆಯಲು ಆಗಲ್ವಾ, ಎಂದು ಅಪ್ಪ ಅವಳ ಕೆನ್ನೆಗೆ ಬಾರಿಸಿದ.

ಅವನು ಮಗಳ ಮೇಲೆ ಕೈ ಮಾಡಿದ್ದು ಅದೇ ಮೊದಲು. ಪುಟ್ಟಿ ಅಳಲಿಲ್ಲ, ಅಜ್ಜಿಯ ಮುಖ ನೋಡಿದಳು. ಅತ್ತೆ, "ಅಪ್ಪನಿಗೆ ಸಿಟ್ಟು ಜಾಸ್ತಿ ಪುಟ್ಟಿ, ಮನಸ್ಸು..." ಎಂದು ಶುರುಮಾಡಿದವರು ಅಲ್ಲೇ ನಿಲ್ಲಿಸಿಬಿಟ್ಟರು. ಉಳಿದ ಒಂದು ಪದ ಅವರಿಂದ ಬರಲಿಲ್ಲ. ಸೊಸೆ ಮಗಳ ಪಾದದಿಂದ ಹೊಳೆಯುವ ಚೂರನ್ನು ಕೀಳುತ್ತ ತೀರ್ಮಾನಿಸಿದಳು: ಇನ್ನು ಹೇಳಿಬಿಡಬೇಕು. ಅವಳು ನುಂಗಿಕೊಂಡ ಒಂದು ಮಾತು ಎಷ್ಟು ಜನರ ಮೈಮೇಲೆ ಏಟಾಗಿ ಬೀಳುತ್ತದೆಯೋ ಯಾರಿಗೆ ಗೊತ್ತು.

ಅದಕ್ಕೆ ಮೊದಲು ಚಿಕ್ಕವನ ಹಲ್ಲಿನ ಕೆಲಸವಿತ್ತು. ಲ್ಯಾಬಿನಲ್ಲಿ ಉಳಿದಿದ್ದ ಅಚ್ಚಿನ ಪುಡಿಯನ್ನು ಯಜಮಾನರ ಅಪ್ಪಣೆ ಕೇಳಿಯೇ ತೆಗೆದುಕೊಂಡು ಅವನ ಗೆಳೆಯನ ಕೋಣೆಗೆ ಹೋದಳು. ಗುಲಾಬಿ ಬಣ್ಣದ ಹಿಟ್ಟನ್ನು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕಲಸಿ, ಅಚ್ಚಿನ ತಟ್ಟೆಗೆ ತುಂಬಿ, ಅವನ ಬಾಯಿಗಿಟ್ಟು ಒತ್ತಿಹಿಡಿದಳು. ಅವನಿಗೆ ಮಾತಾಡಲು ಆಗದ ಆ ಹೊತ್ತಿನಲ್ಲೇ ಅವಳು ಮಾತಾಡಿದಳು. ಅಣ್ಣನಿಗೆ ಹೇಳಿಬಿಡುತ್ತೇನೆ, ನೀನು ಸುಮ್ಮನೆ ಹೊರಬೇಕಾಗಿರಲಿಲ್ಲ, ಎಂದಳು. ಅವನು ತಲೆಯಾಡಿಸಲು ಹೋಗಿ ಗದರಿಸಿಕೊಂಡ.

ಅಚ್ಚು ಹೊರಬಂದ ಮೇಲೆ ಉಗಿದು, ಸಂದಿನಿಂದ ಗಾಳಿ ಹೋಗುವ ಹೊಸ ಉಚ್ಚಾರದಲ್ಲಿ ಹೇಳಿದ: "ಹೇಳ್ಬೇಡಿ ಅತ್ತಿಗೆ. ನನ್ನ ಹಲ್ಲು ಹೋದ್ರೆ ಮಾಡಿಕೊಡೋಕೆ ನೀವಿದ್ದೀರಿ. ನಿಮ್ಮದು ಹೋದ್ರೆ ಮಾಡೋರು ಯಾರು?"

ಅವಳು ನಕ್ಕಳು. ದಾರಿಯಲ್ಲಿ ಅತ್ತಳು.

ಇದಾಗಿ ಹೆಚ್ಚು ದಿನವಾಗಿರಲಿಲ್ಲ. ಈಗ ಈ ಸದ್ದು.

ಅವಳು ಮೆಟ್ಟಿಲಿಳಿದು ಅಡುಗೆಮನೆ ದಾಟಿ ಅಂಗಡಿಯ ಬಾಗಿಲಿಗೆ ಬಂದಳು. ಟೀವಿಯ ನೀಲಿ ಬೆಳಕಿನಲ್ಲಿ, ಹುಡುಗರ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಧ್ವನಿ ಪೂರ್ತಿ ಇಳಿಸಿತ್ತು. ಕೈಯಲ್ಲಿ ಕಂಟ್ರೋಲರು. ಪರದೆಯ ಮೇಲೆ ಇಬ್ಬರು ಬಾಕ್ಸಿಂಗ್ ಪಟುಗಳು. ಕೊಕ್ಕೆಯಂತೆ ಬಾಗಿದ ಆ ತೋರುಬೆರಳು ಕಂಟ್ರೋಲರಿನ ಹಿಂಬದಿಯ ಗುಂಡಿಗೆ ಅಳತೆ ತೆಗೆದು ಮಾಡಿಸಿದಂತೆ ಕೂತಿತ್ತು. ಒತ್ತಿದಾಗಲೆಲ್ಲ ಕೆಂಪು ಚಡ್ಡಿಯವನ ಮುಖ ಹಿಂದಕ್ಕೆ ಹೋಗುತ್ತಿತ್ತು.

"ಅತ್ತೆ," ಎಂದಳು ಮೆಲ್ಲಗೆ.

ಅವರು ತಿರುಗಲಿಲ್ಲ. "ಚಿಕ್ಕವನು ಮಧ್ಯಾಹ್ನ ಬಂದಿದ್ದಾಗ ಹಾಕಿಕೊಟ್ಟ. ತಿಂಗಳಿನ ದುಡ್ಡು ಅವನೇ ಕಟ್ತಾನಂತೆ. ಮಾತಾಡಿಸ್ಬೇಡ ಸ್ವಲ್ಪ, ಇವನು ಬೀಳೋ ಹಾಗಿದಾನೆ."

"ಅವರು ಎದ್ದರೆ..."

"ಎಷ್ಟು ಹೊಡೆದ್ರೂ ಎದ್ದು ನಿಲ್ತಾನೆ ಕಣೆ ಇವನು. ಒಂದು ಮಾತೂ ಅನ್ನಲ್ಲ." ಅವರ ದನಿಯಲ್ಲಿ ಬೆರಗಿತ್ತು. "ಈ ಆಟ ತಿಂಗಳ ಕೊನೆಗೆ ಪಟ್ಟಿಯಿಂದ ಹೋಗ್ತದಂತೆ. ಬಾಡಿಗೆಯದು ಅಲ್ವಾ, ಕಂಪನಿಯವ್ರಿಗೆ ಬೇಡ ಅನ್ನಿಸಿದ್ರೆ ಎಬ್ಬಿಸಿಬಿಡ್ತಾರೆ. ಅಷ್ಟರಲ್ಲಿ ಆದಷ್ಟು ಹೊಡೀಬೇಕು."

ಹಿಂದೆ ಮೆಟ್ಟಿಲು ಸದ್ದು ಮಾಡಿತು. ಬರಿಗಾಲಿನ ಸದ್ದು, ಆದರೂ ಅವಳಿಗೆ ತಿಳಿಯಿತು.

ದೊಡ್ಡವನು ಬಾಗಿಲಲ್ಲಿ ನಿಂತು ಟೀವಿಯನ್ನೂ ಟವಲು ಕಳಚಿದ ಮೆಷಿನ್ನನ್ನೂ ತಾಯಿಯನ್ನೂ ಒಂದೊಂದಾಗಿ ನೋಡಿದ. "ಚಿಕ್ಕವನು ಬಂದು ಹೋಗ್ತಿದಾನೆ ಅಂತಾಯ್ತು," ಎಂದ. "ಮನೆಯೊಳಗೆ ನಾನಿಲ್ಲದಾಗ. ಈ ಸಲ ಹಲ್ಲೊಂದೇ ಅಲ್ಲ."

ಸೊಸೆ ಅವನಿಗೂ ಅತ್ತೆಗೂ ನಡುವೆ ಬಂದು ನಿಂತಳು.

"ಅವನು ಫೋನು ಮಾಡಿ ಕೇಳಿದ್ದ. ಡಿಸ್ಕ್ ಹೋಗದ್ದೇ ತಾ ಅಂದದ್ದು ನಾನು."

ಪರದೆಯ ಮೇಲೆ ಕೆಂಪು ಚಡ್ಡಿಯವನು ಸುಮ್ಮನೆ ಕುಣಿಯುತ್ತಿದ್ದ. ಆಮೇಲೆ ದೊಡ್ಡವನ ಕೈ ಅವಳ ಕುತ್ತಿಗೆಗೆ ಬಂತು. ಅವಳ ಬೆನ್ನು ಖಾಲಿ ರ‍್ಯಾಕಿಗೆ ಬಡಿಯಿತು, ಕಾಲು ನೆಲ ಬಿಟ್ಟಿತು. ಅವನ ಉಸಿರು ಮುಖಕ್ಕೆ ಬಡಿಯುತ್ತಿತ್ತು. ಕಣ್ಣು ಕತ್ತಲಿಡುವಾಗ ಅವಳಿಗೆ ಕಂಡದ್ದು ಅವನ ಹಿಂದೆ ಎದ್ದುನಿಂತ ಅತ್ತೆ. ಮೊಣಕಾಲು ನೋವೆಂದು ಏಳುವಾಗಲೆಲ್ಲ ಗೋಡೆ ಹಿಡಿಯುತ್ತಿದ್ದವರು ಏನೂ ಹಿಡಿಯದೆ ಎದ್ದಿದ್ದರು. ಅವರ ಎರಡೂ ಕೈಯಲ್ಲಿ ಡಿಸ್ಕು ಉಜ್ಜುವ ಆ ಮಿಕ್ಸಿ ಮೋಟಾರು ಇತ್ತು.

"ಲೋ," ಎಂದರು.

ತಾಯಿ ಅವನನ್ನು ಹಾಗೆ ಕರೆದದ್ದೇ ಇಲ್ಲ. ಅವನು ತಿರುಗಿದ. ಮೋಟಾರು ಅವನ ಬಾಯಿಗೆ ಬಿತ್ತು.

ಅವನು ಸ್ಟೂಲುಗಳ ಮೇಲೆ ಕುಸಿದ. ಏಳಲು ಕೈಯೂರಿದ. ಅತ್ತೆ ಇನ್ನೊಂದು ಸಲ ಹೊಡೆದರು, ಭುಜಕ್ಕೆ. ಮೂರನೆಯದಕ್ಕೆ ಎತ್ತಿದಾಗ ಅವನು, ನಲವತ್ತು ದಾಟಿದವನು, ತಲೆಯ ಮೇಲೆ ಎರಡೂ ಕೈ ಹೊತ್ತು ಮುದುಡಿಕೊಂಡು, "ಅಪ್ಪಾ, ಬೇಡ," ಎಂದ.

ಅತ್ತೆಯ ಕೈ ಮೇಲೆಯೇ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಮೋಟಾರನ್ನು ಕೌಂಟರಿನ ಮೇಲೆ ಅದರ ಜಾಗದಲ್ಲಿಟ್ಟು, ಒಳಗೆ ಹೋಗಿ ಬಟ್ಟೆ ತಂದರು. ತಂದ ಬಟ್ಟೆಯನ್ನು ಮಗನ ಎದುರು ನೆಲಕ್ಕೆಸೆದರು.

"ಒರೆಸು," ಎಂದರು.

ಅವನು ಒರೆಸಿದ.

ಬೆಳಿಗ್ಗೆ ಬಾತ್‌ರೂಮಿನಲ್ಲಿ ಜಾರಿಬಿದ್ದೆ ಎಂದು ಅವನೇ ಬೀದಿಗೆ ಹೇಳಿಕೊಂಡ, ಹಲ್ಲಿನ ಡಾಕ್ಟರಿಗೂ ಅದನ್ನೇ ಹೇಳಿದ. ಸೊಸೆ ಕುತ್ತಿಗೆಗೆ ದುಪ್ಪಟ್ಟಾ ಸುತ್ತಿಕೊಂಡು ಕೆಲಸಕ್ಕೆ ಹೋದಳು. ಊಟಕ್ಕೆ ಕೂತಾಗ ಈಗ ಅವನು ತಾಯಿಯ ಕಡೆ ನೋಡುತ್ತಿರಲಿಲ್ಲ. ಅನ್ನ ಬೇಕಾದರೆ ತಟ್ಟೆ ಮುಂದಕ್ಕೆ ಸರಿಸುತ್ತಿದ್ದ. ಪುಟ್ಟಿ ಅಜ್ಜಿಯ ಕೋಣೆಯಲ್ಲಿ ಮಲಗುತ್ತಿದ್ದಳು, ಸೊಸೆಯೂ ಅಲ್ಲೇ, ಒಳಗಿನಿಂದ ಚಿಲಕ. ಅತ್ತೆ ಒಂದು ಸಂಜೆ, ಚಿಕ್ಕವನು ಮನೆಗೆ ಬರ್ತಾನೆ, ಎಂದರು. ಕೇಳಿದ್ದಲ್ಲ, ತಿಳಿಸಿದ್ದು. ದೊಡ್ಡವನು ನೀರು ಕುಡಿದ.

ಗಂಡನ ದವಡೆಯ ಅಚ್ಚು ಡಾಕ್ಟರಲ್ಲಿಂದ ಅವಳ ಮೇಜಿಗೇ ಬಂತು. ಯಜಮಾನರು ಪಕ್ಕದಲ್ಲಿ ನಿಂತು ಎರಡನ್ನೂ ನೋಡಿದರು, ಆಗಲೇ ಮುಗಿದಿದ್ದ ಚಿಕ್ಕವನದು ಒಂದು, ಒದ್ದೆಯಿದ್ದ ದೊಡ್ಡವನದು ಒಂದು. "ಏನಮ್ಮ, ನಿಮ್ಮನೆ ಬಾತ್‌ರೂಮಿನಿಂದ ನಮಗೆ ಒಳ್ಳೆ ವ್ಯಾಪಾರ," ಎಂದರು. ನಗು ಮುಗಿಸುವ ಮೊದಲೇ ಅವರ ಕಣ್ಣು ಅವಳ ದುಪ್ಪಟ್ಟಾದ ಮೇಲೆ ನಿಂತಿತು. ಅವಳು ಪ್ಲಾಸ್ಟರ್ ಕಲಸುತ್ತ, ಟೈಲ್ಸ್ ನುಣುಪು ಸರ್, ಎಂದಳು.

ಸಂಜೆ ಚಿಕ್ಕವನು ಲ್ಯಾಬಿನ ಹೊರಗೆ ಕಾದಿದ್ದ. ಅವಳು ಕೊಟ್ಟ ಹಲ್ಲನ್ನು ಹಾಕಿಕೊಂಡು, ನಿಂತಿದ್ದ ಕಾರಿನ ಕನ್ನಡಿಗೆ ಬಗ್ಗಿ ನಕ್ಕ. ಬಣ್ಣ ಒಂದು ಕೂದಲೆಳೆ ಬಿಳುಪು ಹೆಚ್ಚಾಗಿತ್ತು. ನಾಳೆಯಿಂದ ಮತ್ತೆ ಕೌಂಟರಿಗೆ ನಿಲ್ಲಿಸುತ್ತಾರಂತೆ.

"ಅಣ್ಣನ ಹಲ್ಲು ಹೇಗೆ ಹೋಯ್ತು ಅತ್ತಿಗೆ? ಅಮ್ಮನ್ನ ಕೇಳಿದ್ರೆ ಬಾತ್‌ರೂಮ್ ಅಂತಾರೆ. ಅಮ್ಮನಿಗೆ ಸುಳ್ಳು ಹೇಳೋಕೆ ಬರಲ್ಲ, ನನಗೆ ಗೊತ್ತು."

ಅವಳು ಅವನ ಮುಖ ನೋಡಿದಳು. ಹೇಳಿದರೆ ಇವನು ಇಂದು ರಾತ್ರಿ ಊಟಕ್ಕೆ ಕೂತು ನಗುತ್ತಾನೆ, ಸುಮ್ಮನಿರುವುದು ಇವನಿಂದಾಗದು. ಆ ನಗುವಿಗೆ ಅಲ್ಲಿ ಮತ್ತೊಂದು ಬಟ್ಟಲು ಹಾರುತ್ತದೆ. ಅದಲ್ಲದೆ ಆ ಏಟು ಅತ್ತೆಯದು, ಅವರೊಬ್ಬರದೇ. ಇಡೀ ಆಯಸ್ಸಿಗೆ ಒಂದನ್ನು ಸಂಪಾದಿಸಿಕೊಂಡಿದ್ದರು. ಅಪ್ಪಾ ಬೇಡ ಎಂಬ ಆ ಕೂಗನ್ನಂತೂ ಕೇಳಿಸಿಕೊಳ್ಳುವ ಹಕ್ಕು ಯಾರಿಗೂ ಇರಲಿಲ್ಲ. ಇವನಿಗೂ ಇಲ್ಲ, ಬೆಳೆದ ಮೇಲೆ ಕೇಳಬಹುದಾದ ಪುಟ್ಟಿಗೂ ಇಲ್ಲ. ಅವಳು ಅಲ್ಲೇ, ಆ ಕಾರಿನ ಪಕ್ಕದಲ್ಲಿ, ತನ್ನ ಮಟ್ಟಿಗೆ ಅದನ್ನು ಮುಚ್ಚಿಬಿಟ್ಟಳು.

"ಅಮ್ಮ ಹೇಳಿದ್ದೇ ಸರಿ," ಎಂದಳು. "ನಡಿ, ಊಟಕ್ಕೆ ಹೊತ್ತಾಯ್ತು. ಹೊಸ ಹಲ್ಲು, ಗಟ್ಟಿಯಾದ್ದನ್ನ ಕಚ್ಚಬೇಡ."